ಹತ್ತಿಗೆ ಹತ್ತಿದ ಕೆಂಪು

ಶಿರಸಿ

ಪ್ರೀತಿಯ ಕೂಸೇ,

ದೊಡ್ಡಪ್ಪನ ಆಶೀರ್ವಾದಗಳು. ಊರಿನ ಸುದ್ದಿಯನ್ನೆಲ್ಲ ನಿನ್ನ ಆಯಿ ಫೋನಿನಲ್ಲಿ ಹೇಳಿರುತ್ತಾಳಾದ್ದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಎರಡನೆಯ ಪುಟದ ಒಂದು ಮಾತು ಮಾತ್ರ ಓದಿದಂದಿನಿಂದ ನನ್ನನ್ನು ಬಿಟ್ಟಿಲ್ಲ. ಹಳೆಯ ತೈಲಚಿತ್ರದ ಮೇಲಿನ ವಾರ್ನಿಶ್ ತೆಗೆಯುತ್ತಿದ್ದಾಗ ಹತ್ತಿಯ ತುದಿಯಲ್ಲಿ ತುಸು ಕೆಂಪು ಕಂಡಿತು, ಅದು ಮೂಲ ಬಣ್ಣವೇ ಆಗಿದ್ದರೆ ಇನ್ನೆಂದೂ ತಿರುಗಿ ಬರುವುದಿಲ್ಲ, ಯಾರಿಗೂ ಹೇಳಿಲ್ಲ, ಹಳೆಯ ಚಿತ್ರಗಳನ್ನು ಉಳಿಸುವ ಈ ಕೆಲಸಕ್ಕೆ ನನ್ನ ಕೈ ಲಾಯಕ್ಕಲ್ಲವೇನೋ ಎಂದು ಬರೆದಿದ್ದೀಯಲ್ಲ, ಅದು. ನಿನ್ನ ದೊಡ್ಡಾಯಿಗೆ ಪತ್ರ ಓದಿ ಹೇಳುವಾಗ ಆ ಸಾಲುಗಳನ್ನು ಬಿಟ್ಟು ಓದಿದೆ.

ಏನೂ ಆಗಿರಲಿಕ್ಕಿಲ್ಲ, ಹೆದರಬೇಡ ಎಂದು ಬರೆದುಬಿಡುವುದು ಸುಲಭವಿತ್ತು, ಆದರೆ ಅದು ನಿಜವೆಂದು ನನಗೆ ಗೊತ್ತಿಲ್ಲದೆ ಹೇಗೆ ಬರೆಯಲಿ? ಆ ಕೆಂಪು ಹಿಂದೆ ಯಾರೋ ದುರಸ್ತಿ ಮಾಡುವಾಗ ಮೇಲಿಂದ ಹಚ್ಚಿದ್ದಿರಬಹುದು, ಬಣ್ಣ ಬೆರೆಸಿದ ವಾರ್ನಿಶ್ಶಿನದೂ ಇರಬಹುದು. ಹಾಗೆಯೇ, ಚಿತ್ರಕಾರನೇ ಕೊನೆಯಲ್ಲಿ ಬಟ್ಟೆಯ ನೆರಿಗೆಗೆಂದು ತೆಳ್ಳಗೆ ಎಳೆದ ಅರಗಿನ ಕೆಂಪೂ ಇರಬಹುದು. ಆ ಜಾತಿಯ ಕೆಂಪಿಗೆ ವಾರ್ನಿಶ್ ಕರಗಿಸುವ ದ್ರಾವಕ ತಾಗಿದರೆ ಅದು ಬೇಗ ಬಿಟ್ಟುಬರುತ್ತದೆಂದು ನೀನೇ ಹಿಂದೊಮ್ಮೆ ಬರೆದಿದ್ದೆ. ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸಿದವನು. ಅಲ್ಲಿ ಗೆರೆ ತಪ್ಪಿದರೆ ರಬ್ಬರಿತ್ತು, ಅದೂ ಸಾಲದಿದ್ದರೆ ಬೇರೆ ಹಾಳೆಯಿತ್ತು. ನಿನಗೆ ಬೇರೆ ಹಾಳೆಯಿಲ್ಲ ಎಂಬುದು ನನಗೆ ತಿಳಿಯದ್ದೇನಲ್ಲ.

ಅಂಕೋಲೆಯ ಕಡೆಯ ನನ್ನ ಅಜ್ಜನಮನೆಯ ಊರಿನಲ್ಲಿ ದೇವಸ್ಥಾನದ ಗೋಡೆಗೆ ಕಾವಿ ಚಿತ್ರಗಳಿದ್ದವು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದು ಹಸಿಯಿರುವಾಗಲೇ ಕಬ್ಬಿಣದ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುವ ಕೆಲಸ ಅದು. ಕೆರೆದದ್ದು ಕೆರೆದದ್ದೇ, ತಿದ್ದಲು ಬರುವುದಿಲ್ಲ. ಬಾಗಿಲ ಪಕ್ಕದ ಒಂದು ಹೂವಿನ ನಟ್ಟನಡುವೆ ಕೈವಾರದ ಮುಳ್ಳು ಊರಿದ ತೂತು ಹಾಗೆಯೇ ಉಳಿದಿತ್ತು, ಒಂದು ಎಸಳಿನ ಗೆರೆ ತುಸು ಆಚೆ ಜಾರಿತ್ತು. ಮೊನೆ ಜಾರಿದಾಗ ಆ ಮನುಷ್ಯನ ಎದೆಯೂ ನಿನ್ನದರಂತೆಯೇ ಧಸಕ್ಕೆಂದಿರಬೇಕೆಂದು ಈಗ ಅನ್ನಿಸುತ್ತದೆ. ಮುಂದೆ ಜೀರ್ಣೋದ್ಧಾರದ ಹೆಸರಿನಲ್ಲಿ ಆ ಗೋಡೆಯನ್ನು ಉಳಿ ಹಾಕಿ ಕೆತ್ತಿ ಟೈಲ್ಸ್ ಕೂರಿಸಿದರು. ಗಾರೆ ಕೆಡವುತ್ತಿದ್ದವರ ಮೊಣಕಾಲಿನವರೆಗೂ ಕೆಂಪು ಧೂಳು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕೂಲಿಗೆ ಬಂದವರು. ಆದರೆ ಕೆಲಸ ಮಾಡಿಸಿದವರಲ್ಲಿ ಒಬ್ಬರಿಗೂ ನಿನಗೀಗ ಆಗುತ್ತಿರುವ ಹೆದರಿಕೆಯ ನೂರರಲ್ಲೊಂದು ಪಾಲೂ ಆಗಲಿಲ್ಲ. ಆ ಹೂವನ್ನು ಒಂದು ಹಾಳೆಯ ಮೇಲಾದರೂ ಇಳಿಸಿಟ್ಟುಕೊಳ್ಳಲಿಲ್ಲವೆಂಬ ಕೊರಗು ನನಗೆ ಇಂದಿಗೂ ಇದೆ. ಹೀಗಿರುವಾಗ, ಹೆದರಿಕೆಯನ್ನು ಬಿಟ್ಟುಬಿಡು ಎಂದು ನಿನಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ನನ್ನನ್ನು ಕಾಡುತ್ತಿರುವುದು ಯಾರಿಗೂ ಹೇಳಿಲ್ಲ ಎಂಬ ನಿನ್ನ ಮಾತು. 1920ರ ಹೊತ್ತಿಗೆ ಹೈದರಾಬಾದಿನ ನಿಜಾಮರ ಸರಕಾರ ಅಜಂತಾದ ಚಿತ್ರಗಳನ್ನು ಉಳಿಸಲು ಇಟಲಿಯ ಇಬ್ಬರು ಪರಿಣತರನ್ನು ಕರೆಸಿತ್ತು. ಉದುರುತ್ತಿದ್ದ ಗಾರೆಯನ್ನು ಹಿಡಿದು ನಿಲ್ಲಿಸಿದವರು ಅವರು. ಮೇಲೆ ಅರಗಿನಿಂದ ಮಾಡಿದ ಶೆಲ್ಯಾಕ್ ವಾರ್ನಿಶ್ ಹಚ್ಚಿದವರೂ ಅವರೇ. ವರ್ಷ ಕಳೆದಂತೆ ಅದು ಹಳದಿಗಟ್ಟಿ ಚಿತ್ರಗಳನ್ನು ಮಬ್ಬಾಗಿಸಿತು. ಪುರಾತತ್ತ್ವ ಇಲಾಖೆಯ ರಸಾಯನ ವಿಭಾಗದವರು ಆಮೇಲೆ ಅದನ್ನು ಬಹು ಎಚ್ಚರದಿಂದ ತೆಗೆಯಬೇಕಾಯಿತು. ಹಚ್ಚಿದ್ದು ಏನೆಂಬುದು ಗೊತ್ತಿದ್ದುದರಿಂದ ಅದಕ್ಕೆ ತಕ್ಕ ದ್ರಾವಕ ಹುಡುಕಲು ಬಂತು. ಅಷ್ಟು ದೊಡ್ಡ ಕೈಗಳಿಂದಲೂ ಹೀಗಾಗುತ್ತದೆ ಎಂದು ನೀನು ಸಮಾಧಾನ ಮಾಡಿಕೊಳ್ಳಲಿ ಎಂದಲ್ಲ ನಾನಿದನ್ನು ಬರೆಯುತ್ತಿರುವುದು. ನಿನ್ನ ಚಿತ್ರದ ಆ ಮೂಲೆಯಲ್ಲಿ ಏನು ನಡೆಯಿತೆಂಬುದು ನಿನ್ನೊಬ್ಬಳಿಗೇ ಗೊತ್ತಿದ್ದರೆ, ನಾಳೆ ಅದರ ಮೇಲೆ ಕೈಯಿಡುವವರು ಏನನ್ನು ನಂಬಿ ಕೈಯಿಡಬೇಕು?

ಆ ಹತ್ತಿಯನ್ನು ಎಸೆದಿರದಿದ್ದರೆ ಒಂದು ಸಣ್ಣ ಬಾಟಲಿಯಲ್ಲಿಟ್ಟು, ಯಾವ ದಿನ, ಚಿತ್ರದ ಯಾವ ಜಾಗ, ಯಾವ ದ್ರಾವಕ ಎಂದು ಚೀಟಿ ಅಂಟಿಸು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಣ್ಣದ ಕಣಗಳಿವೆಯೋ ಇಲ್ಲವೋ ನಿಮ್ಮ ಹಿರಿಯರಿಗೆ ಸುಳಿವು ಸಿಕ್ಕೀತು. ನೇರಳಾತೀತ ಬೆಳಕಿನಲ್ಲಿ ಹಳೆಯ ವಾರ್ನಿಶ್ ಹಸಿರಾಗಿ ಹೊಳೆಯುತ್ತದೆ, ಅದರ ಮೇಲೆ ಆಮೇಲೆ ಹಚ್ಚಿದ ಬಣ್ಣ ಕಪ್ಪಗೆ ಕಾಣುತ್ತದೆ ಎಂದಿದ್ದೆಯಲ್ಲ. ಕೆಲಸ ಶುರುವಾಗುವ ಮೊದಲು ತೆಗೆದ ಫೋಟೋಗಳಲ್ಲಿ ಆ ಜಾಗವನ್ನು ಹುಡುಕಿ ನೋಡಬಾರದೇ? ನಿನ್ನ ವಿದ್ಯೆಯನ್ನು ನಿನಗೇ ಹೇಳಿಕೊಡುತ್ತಿದ್ದೇನೆ, ಬೇಸರಿಸಬೇಡ. ಹೋದದ್ದು ಮೂಲ ಬಣ್ಣವೇ ಎಂದಾದರೆ, ಬೇಕಾದಾಗ ತೆಗೆಯಲು ಬರುವ ಬಣ್ಣದಿಂದ ಅಷ್ಟೇ ಜಾಗವನ್ನು ತುಂಬುತ್ತೀರಿ. ಹಾಗೆ ತುಂಬಿದರೂ ಹೋದದ್ದು ಬರುವುದಿಲ್ಲ ಎಂಬ ನಿನ್ನ ಮಾತು ಸರಿಯೇ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹೊಟ್ಟೆ ಬರಿದಿಟ್ಟುಕೊಂಡು ಕೆಲಸಕ್ಕೆ ಕೂರಬೇಡ, ಕೈ ನಡುಗುವುದಕ್ಕೆ ಅದೂ ಒಂದು ಕಾರಣವಿದ್ದೀತು. ದ್ರಾವಕದ ಹೊಗೆ ಎಳೆಯುವ ಯಂತ್ರವನ್ನು ಸದ್ದಾಗುತ್ತದೆಂದು ಆರಿಸುವುದು ಬೇಡ. ಕೈ ಲಾಯಕ್ಕೋ ಅಲ್ಲವೋ ಎಂಬುದನ್ನು ಈ ಒಂದು ಹತ್ತಿಯ ಮೇಲೆ ತೀರ್ಮಾನಿಸಬೇಡ, ಕಲಿಸುವವರು ನೋಡಿ ಹೇಳಲಿ. ಆದರೆ ಅವರು ನೋಡಬೇಕಾದರೆ ನೀನು ತೋರಿಸಬೇಕಲ್ಲವೇ? ಈ ಪತ್ರ ಕೈಸೇರಿದ ದಿನವೇ ಹೋಗಿ ಹೇಳು, ದಾಖಲೆಯ ಪುಸ್ತಕದಲ್ಲಿ ನಿನ್ನ ಕೈಯಿಂದಲೇ ಬರೆ. ಬೈಸಿಕೊಳ್ಳಬೇಕಾಗಿ ಬಂದರೆ ಬೈಸಿಕೋ. ಮುಂದಿನ ಪತ್ರದಲ್ಲಿ ಕ್ಷೇಮ ಸಮಾಚಾರಕ್ಕಿಂತ ಮೊದಲು, ಹೇಳಿದೆಯೋ ಇಲ್ಲವೋ ಎಂಬುದನ್ನು ತಿಳಿಸು.

ನಿನ್ನ
ದೊಡ್ಡಪ್ಪ