ಕಿವಿ ಕೊಟ್ಟ ಎಲ್ಲರಿಗೂ

ಎಲ್ಲರಿಗೂ ನಮಸ್ಕಾರ. ಅಡೇಶಿಯಸ್ ಮ್ಯೂಸಿಕ್ ಪ್ಲೇಯರ್‌ಗೆ ನಾನು ಬರೆಯುತ್ತಿದ್ದ ಔಟ್‌ಪುಟ್ ಪ್ಲಗಿನ್‌ನ 1.0 ಆವೃತ್ತಿ ಕಳೆದ ವಾರ ಹೊರಬಂತು. ಈ ಮಳೆಗಾಲ ಪೂರ್ತಿ ಅದು ಕೊಡಗಿನ ಭಾಗಮಂಡಲದ ಹತ್ತಿರದ ನಮ್ಮ ಮನೆಯಲ್ಲಿ, ಗೋಣಿಕೊಪ್ಪದಲ್ಲಿ, ಕುಶಾಲನಗರದಲ್ಲಿ, ಸೋಮವಾರಪೇಟೆಯಲ್ಲಿ ಓಡಿದೆ. ಕೋಡ್ ಬರೆದದ್ದು ನಾನು. ಅದನ್ನು ಸರಿ ಮಾಡಿಸಿದ್ದು ಕೂತು ಕೇಳಿದವರು. "ಏನೋ ಸರಿ ಇಲ್ಲ" ಅಂತ ಸುಮ್ನೆ ಬಿಡದೆ, ಎಲ್ಲಿ, ಯಾವಾಗ, ಹೇಗೆ ಕೇಳಿಸಿತು ಅಂತ ಬಿಡಿಸಿ ಹೇಳಿದವರು. ಹೆಸರು ಹಾಕಬೇಡ ಅಂತ ಅವರೆಲ್ಲ ಹೇಳಿದ್ದಾರೆ, ಹಾಕುವುದಿಲ್ಲ. ಧನ್ಯವಾದವನ್ನಂತೂ ಎಲ್ಲರ ಎದುರೇ ಹೇಳುತ್ತೇನೆ.

ಔಟ್‌ಪುಟ್ ಪ್ಲಗಿನ್ ಅಂದರೆ ಏನು ಅಂತ ತುಂಬಾ ಜನ ಕೇಳಿದ್ದೀರಿ. ಪ್ಲೇಯರ್ ಹಾಡಿನ ಫೈಲ್ ಬಿಡಿಸಿ ಅಂಕಿಗಳಾಗಿ ಕೊಡುತ್ತದೆ. ಸಿಡಿ ಗುಣಮಟ್ಟದ ಹಾಡಾದರೆ ಸೆಕೆಂಡಿಗೆ 44,100 ಸಲ, ಎಡಕ್ಕೊಂದು ಬಲಕ್ಕೊಂದು ಅಂಕಿ. ಅಂಕಿಗೆ ಎರಡು ಬೈಟ್‌ನಂತೆ ಸೆಕೆಂಡಿಗೆ ಒಟ್ಟು 1,76,400 ಬೈಟ್. ಅದನ್ನು ಹೊತ್ತು ತಪ್ಪದೆ ಸೌಂಡ್ ಕಾರ್ಡ್‌ಗೋ ಯುಎಸ್‌ಬಿ ಡ್ಯಾಕ್‌ಗೋ ಮುಟ್ಟಿಸುವುದು ಔಟ್‌ಪುಟ್ ಪ್ಲಗಿನ್ ಕೆಲಸ. ಡ್ಯಾಕ್ ಅಂದರೆ ಆ ಅಂಕಿಗಳನ್ನು ಸ್ಪೀಕರ್‌ಗೆ ಬೇಕಾದ ವಿದ್ಯುತ್ ಅಲೆಯಾಗಿ ಬದಲಿಸುವ ಪುಟ್ಟ ಪೆಟ್ಟಿಗೆ. ಸ್ವಲ್ಪ ತಡವಾದರೂ ಹಾಡು ಕಡಿಯುತ್ತದೆ.

ಈ ಕೆಲಸಕ್ಕೆ ಇಳಿದದ್ದು ಮನೆಯ ಹಾಡುಗಳಿಗಾಗಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳು ಹೋದವು. ಅದಾದ ಮೇಲೆ ದೊಡ್ಡಪ್ಪ ಅಟ್ಟದಲ್ಲಿದ್ದ ಕ್ಯಾಸೆಟ್‌ಗಳನ್ನೆಲ್ಲ ಇಳಿಸಿ ಕಂಪ್ಯೂಟರ್‌ಗೆ ಹಾಕಿಸಿದರು. ಮದುವೆಗಳಲ್ಲಿ ಹೆಂಗಸರು ಹೇಳಿದ ಶೋಭಾನೆ, ಪಕ್ಕದ ಮನೆಯ ಕೊಡವ ಹಿರಿಯರು ಪುತ್ತರಿ ಹಬ್ಬಕ್ಕೆ ದುಡಿ ಬಾರಿಸಿ ಹಾಡಿದ ಹಾಡು. ಹಾಡಿದವರಲ್ಲಿ ಹಲವರು ಈಗ ಇಲ್ಲ. ದೊಡ್ಡಮ್ಮನಿಗೆ ಮಧ್ಯಾಹ್ನ ಅವು ಬೇಕೇ ಬೇಕು.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿತ್ತು ಅಂದರೆ ಮುಗಿಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಾ ಇರುತ್ತದೆ. ಡ್ಯಾಕ್‌ಗೆ ಬೇರೆ ಅಡಾಪ್ಟರ್ ಇರುವುದರಿಂದ ಅದು ಆರಿಹೋಗುತ್ತದೆ. ಆಗ ಹಾಡು ಲ್ಯಾಪ್‌ಟಾಪ್‌ನ ಪುಟ್ಟ ಸ್ಪೀಕರ್‌ಗೆ ಹೋಗುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ದೊಡ್ಡಮ್ಮನಿಗೆ ಕಣ್ಣು ಅಷ್ಟಾಗಿ ಕಾಣಿಸುವುದಿಲ್ಲ. ಪ್ರತಿ ಸಲವೂ ಯಾರಾದರೂ ತೋಟದಿಂದ ಬಂದು ಸರಿ ಮಾಡಬೇಕಿತ್ತು. ಅದಕ್ಕೇ ಈ ಪ್ಲಗಿನ್. ಡ್ಯಾಕ್ ಹೋದರೆ ಕಾಯುತ್ತದೆ. ಬಂದ ಕೂಡಲೇ ನಿಂತಲ್ಲಿಂದ ಮುಂದುವರಿಸುತ್ತದೆ.

ಮೊದಲ ಧನ್ಯವಾದ ದೊಡ್ಡಮ್ಮನಿಗೇ. ಮೊದಲಿನ ಆವೃತ್ತಿ ಹಾಕಿಕೊಟ್ಟ ದಿನ ಕರೆಂಟ್ ಹೋಗಿ ಬಂತು, ಹಾಡು ತಾನಾಗಿ ಶುರುವಾಯಿತು. ನಾವೆಲ್ಲ ಖುಷಿಯಲ್ಲಿದ್ದೆವು. ದೊಡ್ಡಮ್ಮ ಮಾತ್ರ, "ಅರ್ಧ ಮಾತು ನುಂಗಿತಲ್ಲ ಮಗಾ, ಆ ಸಾಲು ಪೂರ್ತಿ ಬರಲಿಲ್ಲ" ಅಂದರು. ಸ್ಕ್ರೀನ್ ಮೇಲೆ ಹಾಡಿನ ಸಮಯ ಸರಿಯಾಗಿಯೇ ಇತ್ತು. ಆದರೆ ಆ ಹಾಡು ಅವರಿಗೆ ಬಾಯಿಪಾಠ. ಅವರು ಹೇಳಿದ್ದೇ ಸರಿ.

ಕಾರಣ ಇಷ್ಟು. ಪ್ಲಗಿನ್ ಕಳಿಸಿದ್ದೆಲ್ಲ ಕೂಡಲೇ ಕೇಳಿಸುವುದಿಲ್ಲ. ಬಫರ್ ಅನ್ನುವ ತಾತ್ಕಾಲಿಕ ಜಾಗದಲ್ಲಿ ಸ್ವಲ್ಪ ಹೊತ್ತಿನ ಹಾಡು ಸರದಿಗೆ ಕಾಯುತ್ತಿರುತ್ತದೆ. ಅರ್ಧ ಸೆಕೆಂಡಿನ ಬಫರ್ ಆದರೆ ಎಡಕ್ಕೂ ಬಲಕ್ಕೂ 22,050 ಅಂಕಿ. ಡ್ಯಾಕ್ ಆರಿದಾಗ ಅಷ್ಟೂ ಅದರ ಜೊತೆಗೇ ಹೋಗುತ್ತದೆ. ಎಷ್ಟು ಬಾಕಿ ಇದೆ ಅಂತ ಲಿನಕ್ಸ್‌ನಲ್ಲಿ ಸದ್ದಿನ ಸಾಧನಗಳನ್ನು ನಡೆಸುವ ಆಲ್ಸಾ ಹೇಳುತ್ತದೆ, ನಿಜ. ಡ್ಯಾಕ್ ಹೋದ ಮೇಲೆ ಕೇಳಿದರೆ 'ಸಾಧನ ಇಲ್ಲ' ಅನ್ನುವುದೊಂದೇ ಉತ್ತರ. ಹಾಗಾಗಿ ಈಗ ಪ್ಲಗಿನ್ ಹಾಡು ಕಳಿಸುವಾಗಲೆಲ್ಲ ಆ ಲೆಕ್ಕ ಕೇಳಿ ಬರೆದಿಟ್ಟುಕೊಳ್ಳುತ್ತದೆ. ಕಳಿಸಿದ್ದರ ಒಂದು ಪ್ರತಿಯನ್ನೂ ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಡ್ಯಾಕ್ ವಾಪಸ್ ಬಂದಾಗ ಕೇಳಿಸದೆ ಉಳಿದ ಭಾಗದಿಂದಲೇ ಶುರು ಮಾಡುತ್ತದೆ. ಈ ಪ್ಲಗಿನ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು. ಇದರ ಮೂಲ ದೊಡ್ಡಮ್ಮನ ಆ ಒಂದು ಮಾತು.

ಗೋಣಿಕೊಪ್ಪದ ರೇಡಿಯೊ ರಿಪೇರಿ ಅಂಗಡಿಯ ಅಣ್ಣನಿಗೆ ಎಷ್ಟು ಹೇಳಿದರೂ ಕಡಿಮೆ. ಅಡಾಪ್ಟರ್ ವೈರ್‌ಗೆ ಒಂದು ಸ್ವಿಚ್ ಹಾಕಿಕೊಟ್ಟು, ಬೇಕೆಂದಾಗ ಕರೆಂಟ್ ತೆಗೆದು ನೋಡುವ ಹಾಗೆ ಮಾಡಿಕೊಟ್ಟರು. ಹಾಡು ಮತ್ತೆ ಶುರುವಾಗುವಾಗ ಬೆಂಕಿಕಡ್ಡಿ ಗೀರಿದ ಹಾಗೆ ಒಂದು ಸದ್ದು ಬರುತ್ತದೆ ಅಂತ ಹಿಡಿದದ್ದೂ ಅವರೇ. ನಾನು ಆಂಪ್ಲಿಫೈಯರ್‌ನದ್ದು ಇರಬೇಕು ಅಂದೆ. "ಅಲ್ಲ ಮಾರಾಯ, ಅಲೆಯ ನಡುವಿನಿಂದ ಎತ್ತಿಕೊಂಡರೆ ಸ್ಪೀಕರ್ ಒಮ್ಮೆಲೇ ಜಿಗಿಯುತ್ತದೆ" ಅಂತ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಈಗ ಶುರುವಿನ 20 ಮಿಲಿಸೆಕೆಂಡ್ ದನಿ ಸೊನ್ನೆಯಿಂದ ಮೆಲ್ಲಗೆ ಏರುತ್ತದೆ. ಸದ್ದು ಹೋಯಿತು. ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರೂ ನನ್ನನ್ನು ಒಂದು ಸಲವೂ ವಾಪಸ್ ಕಳಿಸಲಿಲ್ಲ ಆ ಪುಣ್ಯಾತ್ಮ.

ಕುಶಾಲನಗರದ ತಂಗಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಡ್ಯಾಕ್ ವಾಪಸ್ ಬಂದರೂ ಒಮ್ಮೊಮ್ಮೆ ಹಾಡು ಬರುತ್ತಿರಲಿಲ್ಲ. ಎಲ್ಲ ಪ್ರೋಗ್ರಾಂಗಳ ಸದ್ದನ್ನು ನೋಡಿಕೊಳ್ಳುವ ಡೆಸ್ಕ್‌ಟಾಪ್‌ನ ಪೈಪ್‌ವೈರ್ ನಮಗಿಂತ ಮೊದಲು ಓಡಿ ಅದನ್ನು ಹಿಡಿದುಕೊಳ್ಳುತ್ತಿದೆ ಅಂತ ಕಂಡುಹಿಡಿದದ್ದು ಅವಳು. ಪ್ರೋಗ್ರಾಂಗಳು ಒಂದಕ್ಕೊಂದು ಸಂದೇಶ ಕಳಿಸುವ ಡಿ-ಬಸ್ ಮೂಲಕ ಸಾಧನವನ್ನು ಮೊದಲೇ ಕಾಯ್ದಿರಿಸುವ ಪದ್ಧತಿಯನ್ನು ಓದಿ ತಿಳಿಸಿದಳು. ವಾಪಸ್ ಬಂದಾಗ ಡ್ಯಾಕ್‌ಗೆ ಲಿನಕ್ಸ್ ಕೊಡುವ ಕಾರ್ಡ್ ನಂಬರ್ ಬದಲಾಗಬಹುದು, ಹೆಸರಿನಿಂದಲೇ ಹುಡುಕಬೇಕು ಅಂದಳು. ಪರೀಕ್ಷೆ ಇಟ್ಟುಕೊಂಡು ಇಷ್ಟು ಮಾಡಿದ್ದಾಳೆ. ನಿನ್ನ ಋಣ ದೊಡ್ಡದು ತಂಗಿ.

ಮುಖ ನೋಡದವರಿಗೂ ಹೇಳಬೇಕು. ಎಕ್ಸ್‌ಎಂಎಂಎಸ್ ಅನ್ನುವ ಹಳೆಯ ಪ್ಲೇಯರ್‌ನಿಂದ ಬೀಪ್ ಮೀಡಿಯಾ ಪ್ಲೇಯರ್ ಬಂತು, ಅದರಿಂದ 2005ರಲ್ಲಿ ಅಡೇಶಿಯಸ್. ಮೂಲ ಕೋಡ್ ತೆರೆದಿಟ್ಟದ್ದರಿಂದ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಿದರು. ಅದರಲ್ಲೇ ಇರುವ ಆಲ್ಸಾ ಪ್ಲಗಿನ್ ಓದಿಯೇ ನಾನು ಕಲಿತದ್ದು. ತೆರೆಯುವುದು, ಬರೆಯುವುದು, ಕಾಯುವುದು, ನಿಲ್ಲಿಸುವುದು, ಮುಚ್ಚುವುದು ಅಂತ ಕೆಲಸಗಳನ್ನು ಎಷ್ಟು ಚೆನ್ನಾಗಿ ಬೇರೆಬೇರೆ ಮಾಡಿಟ್ಟಿದ್ದಾರೆ! 1998ರಲ್ಲಿ ಆಲ್ಸಾ ಶುರು ಮಾಡಿದ ಯಾರೊಸ್ಲಾವ್ ಕಿಸೆಲಾ ಅವರಿಗೂ ಭಾಗಮಂಡಲದ ಕಡೆಯಿಂದ ಒಂದು ನಮಸ್ಕಾರ.

ಮಳೆಯಲ್ಲಿ ನೆನೆದು ಕಂಬ ಹತ್ತುವ ನಮ್ಮ ಲೈನ್‌ಮ್ಯಾನ್‌ಗಳಿಗೆ ಕೈ ಮುಗಿಯುತ್ತೇನೆ. ಪ್ಲಗಿನ್ ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ, ಕರೆಂಟ್ ತರುವವರು ಅವರು.

ಸೋಮವಾರಪೇಟೆಯ ಮೇಷ್ಟ್ರು ಈಗಾಗಲೇ ಮುಂದಿನ ಕೆಲಸ ಕೊಟ್ಟಿದ್ದಾರೆ. ಅವರ ಹತ್ತಿರ ಕೆಲವು ಹಾಡು 44.1 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 44,100 ಸಲ, ಕೆಲವು 48. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಡ್ಯಾಕ್ ಮುಚ್ಚಿ ತೆರೆಯಬೇಕು, ಆಗ ಹೊಸ ಹಾಡಿನ ಮೊದಲ ಪೆಟ್ಟು ತಪ್ಪುತ್ತದಂತೆ. ದುಡಿ ಹಾಡಿಗೆ ಮೊದಲ ಪೆಟ್ಟೇ ಮುಖ್ಯ ಅಲ್ವಾ? ಶುರುವಿನಲ್ಲಿ ಸ್ವಲ್ಪ ಮೌನ ಸೇರಿಸಿ ನೋಡೋಣ ಅಂತಿದ್ದೇನೆ. ಮೇಷ್ಟ್ರೇ, ಭಾನುವಾರ ಬರುತ್ತೇನೆ. ಆ ಎರಡು ಫೈಲ್ ತೆಗೆದಿಟ್ಟಿರಿ.