ಗದ್ದೆಯ ಹುಳುವಿಗೆ ಹೆಸರು ಹೇಳುವವರು ಬೇಕು

ಮಾನ್ಯ ಸಂಪಾದಕರೇ,

ಈಚೆಗೆ ಮಂಡ್ಯ ತಾಲ್ಲೂಕಿನ ನಮ್ಮ ಸಂಬಂಧಿಕರ ಊರಿಗೆ ಹೋಗಿದ್ದಾಗ, ಗದ್ದೆಯ ಬದುವಿನ ಮೇಲೆ ನಿಂತಿದ್ದ ರೈತರೊಬ್ಬರು ಭತ್ತದ ಮಡಚಿದ ಎಲೆಯೊಂದನ್ನು ಬಿಡಿಸಿ, ಅದರೊಳಗಿದ್ದ ಕೆಂಗಂದು ಬಣ್ಣದ ಸಣ್ಣ ಹುಳುವನ್ನು ತೋರಿಸಿ, ಎಲೆ ಸುರುಳಿ ಸುತ್ತಿ ಬೆಳೆ ಹಾಳು ಮಾಡುತ್ತಿರುವುದು ಇದೇ ಎಂದರು. ಸಂಜೆಗೆ ಔಷಧಿ ಹೊಡೆಸಲು ಆಳನ್ನೂ ಗೊತ್ತುಮಾಡಿದ್ದರು. ಅವರ ಬೆರಳ ತುದಿಯಲ್ಲಿದ್ದದ್ದು ಒಫಿಯೋನಿಯಾ ಎಂಬ ಕುಲಕ್ಕೆ ಸೇರಿದ ನೆಲಜೀರುಂಡೆ. ರೆಕ್ಕೆಯ ಮೇಲೆ ನೀಲಿಗಪ್ಪು ಪಟ್ಟಿಗಳಿರುವ, ಇರುವೆಯಂತೆ ಸಪೂರವಾದ ಈ ಕೀಟ ಮಡಚಿದ ಎಲೆಯೊಳಗೆ ನುಗ್ಗುವುದು ಅಲ್ಲಿ ಅಡಗಿರುವ ಎಲೆ ಸುರುಳಿ ಹುಳುವನ್ನು ತಿನ್ನುವುದಕ್ಕೆ. ದಿನಕ್ಕೆ 3ರಿಂದ 5 ಮರಿಹುಳುಗಳನ್ನು ಮುಗಿಸುತ್ತದೆ, ಜಿಗಿಹುಳುಗಳನ್ನೂ ಬಿಡುವುದಿಲ್ಲ. ಆ ರೈತರು ಹಿಡಿದಿದ್ದು ಕಳ್ಳನನ್ನಲ್ಲ, ಕಾವಲುಗಾರನನ್ನು. ಅದಕ್ಕಾಗಿ ನಾನು ಅವರನ್ನು ದೂರುವುದಿಲ್ಲ. ಅದರ ಹೆಸರು ಹೇಳುವವರು ಅವರಿಗೆ ಯಾರೂ ಸಿಕ್ಕಿರಲಿಲ್ಲ ಎಂಬುದೇ ನಾನು ಈ ಪತ್ರ ಬರೆಯಲು ಕಾರಣ.

ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟಿರುವ ಜೀರುಂಡೆಗಳೇ ಸುಮಾರು 4 ಲಕ್ಷ ಪ್ರಭೇದಗಳಿವೆ. ಅವುಗಳಲ್ಲಿ ಕ್ಯಾರಬಿಡೇ ಎಂಬ ನೆಲಜೀರುಂಡೆಗಳ ಕುಟುಂಬವೊಂದರಲ್ಲೇ ಸುಮಾರು 40 ಸಾವಿರ. ಇವುಗಳಲ್ಲಿ ಹೆಚ್ಚಿನವು ಇತರ ಹುಳುಗಳನ್ನು ಬೇಟೆಯಾಡಿ ಬದುಕುತ್ತವೆ. ಆದರೆ ನಮ್ಮ ಭಾಷೆಯಲ್ಲಿ ಮೊದಲ ತೊಡಕು ಹೆಸರಿನಿಂದಲೇ ಶುರುವಾಗುತ್ತದೆ. ಪಠ್ಯಪುಸ್ತಕದಲ್ಲಿ ಜೀರುಂಡೆ ಎಂದರೆ ಗಟ್ಟಿ ಮುಂರೆಕ್ಕೆಯ ಬೀಟಲ್. ಮಲೆನಾಡಿನವರಿಗೆ ಜೀರುಂಡೆ ಎಂದರೆ ಮರಕ್ಕಂಟಿ ಕೂತು ಜೀರ್ ಎಂದು ಕೂಗುವ, ಬೀಟಲ್‌ಗೂ ತನಗೂ ಸಂಬಂಧವೇ ಇಲ್ಲದ ಬೇರೊಂದು ಕೀಟ. ಉಳಿದಂತೆ ನಮ್ಮ ಕಡೆ ಎಲ್ಲವೂ ‘ಹುಳು’.

ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳುವೂ ಜೀರುಂಡೆಯ ಮರಿಯೇ, ಅದನ್ನು ಹಿಡಿದು ತಿನ್ನಬಲ್ಲ ನೆಲಜೀರುಂಡೆಯ ಮರಿಯೂ ಜೀರುಂಡೆಯ ಮರಿಯೇ. ಆದರೂ ಎರಡನ್ನೂ ಬೇರೆಬೇರೆಯಾಗಿ ಗುರುತಿಸುವುದು ಕಷ್ಟವಲ್ಲ. ಗೊಣ್ಣೆಹುಳು ಬೆಳ್ಳಗೆ, ಮೈ ಬಾಗಿಸಿಕೊಂಡು ಮಲಗಿರುತ್ತದೆ. ನೆಲಜೀರುಂಡೆಯ ಮರಿ ನೀಳವಾಗಿ, ನೆಟ್ಟಗೆ, ಮುಂಚಾಚಿದ ದವಡೆಗಳೊಂದಿಗೆ ಓಡುತ್ತದೆ. ಬೆಳೆದ ಕೀಟಗಳಲ್ಲಿ ಗೊಣ್ಣೆಹುಳುವಿನ ಜಾತಿಯವಕ್ಕೆ ಮೀಸೆಯ ತುದಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ, ನೆಲಜೀರುಂಡೆಗೆ ಅದು ದಾರದಂತೆ ಒಂದೇ ಸಮ ಇರುತ್ತದೆ. ನೋಡಲು ನೆಲಜೀರುಂಡೆಯಂತೆಯೇ ಕಪ್ಪಗಿದ್ದು, ಒಣಗಿದ ಕಸಕಡ್ಡಿ ತಿಂದು ಬದುಕುವ ಟೆನೆಬ್ರಿಯೋನಿಡೇ ಎಂಬ ಇನ್ನೊಂದು ಕುಟುಂಬವಿದೆ. ಅದನ್ನು ಬೇರ್ಪಡಿಸಲು ಭೂತಗನ್ನಡಿ ಹಿಡಿದು ಹಿಂಗಾಲಿನ ಪಾದದ ಗೆಣ್ಣುಗಳನ್ನು ಎಣಿಸಬೇಕು. ಐದಿದ್ದರೆ ನೆಲಜೀರುಂಡೆ, ನಾಲ್ಕಿದ್ದರೆ ಆ ಇನ್ನೊಂದು. ಉಪನ್ಯಾಸಕನಾಗಿದ್ದಾಗ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಇದನ್ನು ತೋರಿಸುತ್ತಿದ್ದೆ. ಒಮ್ಮೆ ತಾವೇ ಎಣಿಸಿದವರು ಅದನ್ನು ಮರೆತದ್ದನ್ನು ನಾನು ಕಂಡಿಲ್ಲ.

ಬೆನ್ನ ಮೇಲೆ ಆರು ಬಿಳಿ ಚುಕ್ಕೆಗಳಿರುವ ದೊಡ್ಡ ಕಪ್ಪು ಹುಳುವೊಂದರ ಚಿತ್ರ ‘ಪ್ರಾಣ ತೆಗೆಯುವ ವಿಷದ ಹುಳು’ ಎಂಬ ಎಚ್ಚರಿಕೆಯೊಂದಿಗೆ ನಮ್ಮವರ ಮೊಬೈಲುಗಳಲ್ಲಿ ಹರಿದಾಡಿದ್ದನ್ನೂ ಇಲ್ಲಿ ಹೇಳಬೇಕು. ಅದು ದಕ್ಷಿಣ ಭಾರತದ ಒಣಭೂಮಿಯಲ್ಲಿ, ಕುರುಚಲು ಕಾಡಿನಲ್ಲಿ ಓಡಾಡುವ, ಹಾರಲಾರದ ಒಂದು ನೆಲಜೀರುಂಡೆ. 1775ರಲ್ಲಿ, ಜೀವಿಗಳಿಗೆ ಎರಡು ಪದದ ಹೆಸರಿಡುವ ಕ್ರಮ ತಂದ ಲಿನೇಯಸ್‌ನ ಶಿಷ್ಯ ಫ್ಯಾಬ್ರಿಷಿಯಸ್ ಅದನ್ನು ವರ್ಣಿಸಿ, ಆ ಆರು ಚುಕ್ಕೆಗಳನ್ನೇ ಅದರ ಹೆಸರಿನಲ್ಲಿಟ್ಟ. ಕೆಣಕಿದರೆ ಆಮ್ಲ ಚಿಮ್ಮಿಸುತ್ತದೆ, ಕಣ್ಣಿಗೆ ಬಿದ್ದರೆ ಉರಿಯುತ್ತದೆ ಎಂಬುದು ನಿಜ. ಅದನ್ನು ಅದರ ಪಾಡಿಗೆ ಬಿಟ್ಟವರಿಗೆ ಅದರಿಂದ ಕೇಡಿಲ್ಲ. ಎರಡೂವರೆ ಶತಮಾನದ ಹಿಂದೆಯೇ ಹೆಸರು ಪಡೆದ ಜೀವಿಯನ್ನು ಇಂದು ನಾವು ಹೆಸರರಿಯದೆ ಚಪ್ಪಲಿಯಿಂದ ಹೊಸಕುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ವರ್ಗೀಕರಣವೆಂದರೆ ಲ್ಯಾಟಿನ್ ಹೆಸರು ಬಾಯಿಪಾಠ ಮಾಡುವ ಒಣ ವಿದ್ಯೆ, ಅದರಿಂದ ರೈತನಿಗೇನು ಪ್ರಯೋಜನ ಎಂದು ಕೇಳುವವರಿಗೆ ನಮ್ಮ ಹಿಪ್ಪುನೇರಳೆ ಬೆಳೆಗಾರರ ಅನುಭವವನ್ನೇ ನೆನಪಿಸಬಯಸುತ್ತೇನೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಗಿಡಗಳ ಮೇಲೆ ಕಾಣಿಸಿಕೊಂಡ ಹಿಟ್ಟುತಿಗಣೆ ಕರ್ನಾಟಕಕ್ಕೂ ಹರಡಿ ಹಿಪ್ಪುನೇರಳೆಯನ್ನೂ ಹಿಡಿಯಿತು. ಹಿಟ್ಟುತಿಗಣೆಗಳು ನಮ್ಮಲ್ಲಿ ಮೊದಲೂ ಇದ್ದವು, ನೋಡುವ ಕಣ್ಣಿಗೆ ಎಲ್ಲವೂ ಬಿಳಿ ಹಿಟ್ಟೇ. ಇದು ಮೆಕ್ಸಿಕೋ ಕಡೆಯಿಂದ ಬಂದ ಪ್ಯಾರಾಕಾಕಸ್ ಮಾರ್ಜಿನೇಟಸ್ ಎಂಬ ಪ್ರಭೇದವೆಂದು ಖಚಿತವಾದ ಮೇಲೆಯೇ ಅದರ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಸರಿಯಾದ ಪುಟ್ಟ ಕಣಜ ಯಾವುದೆಂದು ಗೊತ್ತಾಗಿ, 2010ರಲ್ಲಿ ಪೋರ್ಟೊ ರಿಕೊದಿಂದ ಅದನ್ನು ತರಿಸಿ ಬಿಡಲು ಸಾಧ್ಯವಾಯಿತು. ಹಿಪ್ಪುನೇರಳೆ ಸೊಪ್ಪಿಗೆ ಔಷಧಿ ಹೊಡೆದರೆ ರೇಷ್ಮೆ ಹುಳುವಿಗೇ ಕಂಟಕವೆಂಬುದು ಮಂಡ್ಯ, ಮೈಸೂರಿನ ಮನೆಮನೆಗೂ ಗೊತ್ತಿರುವ ಮಾತು. ಹೆಸರು ತಪ್ಪಿದ್ದರೆ ಕಣಜವೂ ತಪ್ಪುತ್ತಿತ್ತು.

ಇಂಥ ವಿದ್ಯೆಗೆ ನಮ್ಮ ಜಿಲ್ಲೆ ಹೊಸದಲ್ಲ. 1931ರಲ್ಲಿ ಮಂಡ್ಯದ ಕೃಷಿ ಸಂಶೋಧನಾ ಕ್ಷೇತ್ರವಾದ ವಿ.ಸಿ. ಫಾರಂ ಕಟ್ಟಿದ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದದ್ದೇ ಕೀಟ ಮತ್ತು ಶಿಲೀಂಧ್ರಗಳ ತಜ್ಞರಾಗಿ. ಇಂದು ಪದವಿ ಕಾಲೇಜುಗಳಲ್ಲಿ ಹಳೆಯ ಕೀಟಸಂಗ್ರಹಗಳು ಏನಾಗುತ್ತಿವೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಉದಾಹರಣೆ ಸಾಕು. ನಾನು ಕೆಲಸ ಮಾಡಿದ ಕಾಲೇಜೊಂದರಲ್ಲಿ ನಾಲ್ಕು ದಶಕ ಕೂಡಿಸಿದ ಪೆಟ್ಟಿಗೆಗಳಿಗೆ ನಾಲ್ಕು ವರ್ಷ ನುಸಿಗುಳಿಗೆ ಹಾಕುವವರಿಲ್ಲದೆ, ಒಣ ಕೀಟಗಳನ್ನೇ ತಿನ್ನುವ ಬೇರೊಂದು ಜೀರುಂಡೆಯ ಮರಿಗಳು ಎಲ್ಲವನ್ನೂ ಪುಡಿ ಮಾಡಿದ್ದವು. ಕೊನೆಗೆ ಉಳಿದಿದ್ದು ಗುಂಡುಸೂಜಿ, ಚೀಟಿ. ಆ ಚೀಟಿಗಳಲ್ಲಿದ್ದ ಊರು, ತಾರೀಕು, ಬೆಳೆಯ ಹೆಸರುಗಳಿಂದ, ಕೊಳವೆಬಾವಿಗಳಿಗಿಂತ ಮುಂಚೆ ಈ ಸೀಮೆಯಲ್ಲಿ ಯಾವ ಕೀಟವಿತ್ತೆಂದು ತಿಳಿಯಬಹುದಿತ್ತು. ಗೋಡೆಗೆ ಬಣ್ಣ ಹೊಡೆಸುವಾಗ ಅವನ್ನೂ ಕಸದ ಜೊತೆ ಹೊರಗೆ ಹಾಕಿದರು.

ಆದ್ದರಿಂದ ಕೃಷಿ ಇಲಾಖೆ ಮತ್ತು ನಮ್ಮ ವಿಶ್ವವಿದ್ಯಾಲಯಗಳಲ್ಲಿ ನನ್ನ ವಿನಂತಿ ಇಷ್ಟು: ಮಂಡ್ಯದಲ್ಲಿ, ಮೈಸೂರಿನಲ್ಲಿ, ವಾರಕ್ಕೆ ಒಂದು ದಿನವಾದರೂ, ರೈತ ತಂದ ಹುಳುವನ್ನು ಸಂಗ್ರಹದೊಂದಿಗೆ ಹೋಲಿಸಿ ನೋಡಿ, ಔಷಧಿ ಬೇಕೋ ಬೇಡವೋ ಎಂದು ಕನ್ನಡದಲ್ಲಿ ಹೇಳುವ ಒಂದು ಕೋಣೆ ತೆರೆಯಲಿ. ಕಾಲೇಜುಗಳು ತಮಗೆ ಬೇಡವಾದ ಪೆಟ್ಟಿಗೆಗಳನ್ನು ಎಸೆಯದೆ ಅಲ್ಲಿಗೆ ಒಪ್ಪಿಸಲಿ. ಇದಕ್ಕೆ ಹೊಸ ಕಟ್ಟಡ ಬೇಡ. ಒಂದು ಸೂಕ್ಷ್ಮದರ್ಶಕ, ಒಂದು ಬೀರು, ಕಲಿತ ಒಬ್ಬರು ಸಾಕು. ತಾವೂ ಕೀಟದ ಚಿತ್ರ ಪ್ರಕಟಿಸುವಾಗ ಬಲ್ಲವರಿಂದ ಹೆಸರು ಕೇಳಿ ಹಾಕಿದರೆ ಅದು ದೊಡ್ಡ ಉಪಕಾರ.

ಅಲ್ಲಿಯವರೆಗೆ ಓದುಗರು ಗದ್ದೆಯಲ್ಲಿ ಅನುಮಾನದ ಹುಳು ಕಂಡರೆ, ಒಂದೆರಡನ್ನು ಸ್ಪಿರಿಟ್ ತುಂಬಿದ ಸಣ್ಣ ಸೀಸೆಯಲ್ಲಿ ಹಾಕಿ, ಊರು, ದಿನ, ಬೆಳೆ ಬರೆದ ಚೀಟಿಯನ್ನೂ ಒಳಗೇ ಇಟ್ಟು, ಹತ್ತಿರದ ಕೃಷಿ ಕಾಲೇಜಿಗೆ ಒಯ್ಯಬೇಕಾಗಿ ಕೋರುತ್ತೇನೆ. ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ಮಂಡ್ಯ