ಕತ್ತರಿ ಬಲಗೈಯಲ್ಲಿ, ಕೆಲಸವೆಲ್ಲ ಎಡಗೈಯದು

ಮೊನ್ನೆ ಭಾನುವಾರ, ಇಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನ ನನ್ನ ಅಡುಗೆಮನೆಯ ಗೋಡೆಯ ಮೇಲೆ ನಾನೇ ಮಾಡಿದ 40 ಸೆಕೆಂಡಿನ ನೆರಳುಚಿತ್ರ ಓಡಿತು. ಎದುರಿಗೆ ಕುಳಿತು ನೋಡಿದವರು ಆರು ಜನ, ಬೆಂಗಳೂರಿನಿಂದ ಮೊಬೈಲಿನಲ್ಲಿ ಅಮ್ಮ. ಇವರಿಗೆಲ್ಲ ಧನ್ಯವಾದ ಹೇಳದೆ ಮನಸ್ಸು ಹಗುರಾಗದು.

ಕಳೆದ ಜನವರಿಯಲ್ಲಿ ಹೆಪ್ಪುಗಟ್ಟಿದ ಬೀದಿಯಲ್ಲಿ ಜಾರಿ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳುಗಳು ಮಡಚಲಿಲ್ಲ. ಕೆಳಮನೆಯ ಅಜ್ಜಿ ಎರಡು ತಿಂಗಳು ಪ್ರತಿದಿನ ಮೆಟ್ಟಿಲು ಹತ್ತಿ ಬಂದು ನನಗೆ ಜಡೆ ಹೆಣೆದರು. ಊರಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ನೆರಳುಚಿತ್ರಗಳ ನಿರ್ದೇಶಕಿ ಲೊಟ್ಟೆ ರೈನಿಗರ್ ಅವರ ನೆರಳುಗೊಂಬೆಗಳನ್ನು ತೋರಿಸಿದವರೂ ಅವರೇ. ರೈನಿಗರ್ ಕೊನೆಯ ದಿನಗಳನ್ನು ಪಕ್ಕದ ಡೆಟ್ಟೆನ್‌ಹೌಸೆನ್‌ನಲ್ಲಿ ಕಳೆದು 1981ರಲ್ಲಿ ತೀರಿಕೊಂಡವರು.

ಆ ರಾತ್ರಿ ಅವರ ‘ಆಶೆನ್‌ಪುಟೆಲ್’ ನೋಡಿದೆ. 1922ರ ಮೂಕಿ ಕಿರುಚಿತ್ರ, ಸಿಂಡ್ರೆಲಾ ಕಥೆ. ಮೊದಲು ಕಾಣುವುದು ಕತ್ತರಿ ಹಿಡಿದ ಕೈಗಳು. ಕಾಗದ ಕತ್ತರಿಸುತ್ತ ಹೋದಂತೆ ಹುಡುಗಿ ಮೂಡುತ್ತಾಳೆ. ಪಾದುಕೆ ಹಿಡಿಸಲೆಂದು ಮಲಸೋದರಿ ತನ್ನ ಕಾಲನ್ನೇ ಕೊಯ್ದುಕೊಳ್ಳುವುದನ್ನೂ ಮರೆಮಾಚಿಲ್ಲ. ಸಕ್ಕರೆ ಸವರಿದ ಸಿಂಡ್ರೆಲಾಗಳಿಗಿಂತ ನನಗೆ ಇವಳೇ ಹತ್ತಿರ.

ಇದನ್ನು ಹೇಳಿದಾಗ ನನ್ನ ಫಿಸಿಯೋಥೆರಪಿಸ್ಟ್ ಮುಂದಿನ ವಾರವೇ ಕಪ್ಪು ಕಾಗದ, ಕತ್ತರಿ ತಂದಿಟ್ಟರು. ರೈನಿಗರ್ ಬಲಗೈಯ ಕತ್ತರಿಯನ್ನು ಅಲುಗಾಡಿಸದೆ ಹಿಡಿದು ಎಡಗೈಯಿಂದ ಕಾಗದವನ್ನು ತಿರುಗಿಸುತ್ತಿದ್ದರು. ಅದೇ ನನ್ನ ವ್ಯಾಯಾಮವಾಯಿತು. ಮೊದಲ ದಿನ ಒಂದು ಎಲೆಯ ಅಂಚು ಸುತ್ತುವಷ್ಟರಲ್ಲಿ ಕಣ್ಣಲ್ಲಿ ನೀರು. ಆಕೆ ಅವಸರಪಡಿಸಲಿಲ್ಲ. ಆ ತಾಳ್ಮೆಯ ಋಣ ದೊಡ್ಡದು.

ಆಮೇಲೆ ಗೊಂಬೆಗಳು: ಮೊಣಕೈ, ಮಣಿಕಟ್ಟು, ಮಂಡಿ ಬೇರೆ ಬೇರೆ ಕತ್ತರಿಸಿ ಸಣ್ಣ ತಂತಿಯಿಂದ ಕೀಲು ಹಾಕಬೇಕು. ಗಾಜಿನ ಮೇಜು, ಅಡಿಯಲ್ಲಿ ದೀಪ, ಮೇಲೆ ಕ್ಯಾಮೆರಾ. ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಮತ್ತೊಂದು. ಸೆಕೆಂಡಿಗೆ 12ರಂತೆ 480 ಚಿತ್ರ. ಪಕ್ಕದ ಮನೆಯ ಹುಡುಗ ಮೂರು ಶನಿವಾರ ಆಟ ಬಿಟ್ಟು ಕ್ಯಾಮೆರಾ ಗುಂಡಿ ಒತ್ತಿದ; ಅವನಿಲ್ಲದಿದ್ದರೆ ಅರ್ಧಕ್ಕೇ ನಿಲ್ಲುತ್ತಿತ್ತು.

ಅಮ್ಮ ನೋಡಿದ ಕೂಡಲೇ “ನಮ್ಮ ತೊಗಲು ಗೊಂಬೆ!” ಎಂದರು. ನಮ್ಮದರಲ್ಲಿ ಬಣ್ಣದ ತೊಗಲಿನೊಳಗಿಂದ ಬೆಳಕು ಹಾಯುತ್ತದೆ, ಇದು ಅಪ್ಪಟ ಕಪ್ಪು. ಕೀಲಿನ ಒನಪು ಮಾತ್ರ ಎರಡಕ್ಕೂ ಒಂದೇ. ಆ ಮಾತು ಕೇಳಿ ಊರಿಗೆ ಹೋಗಿ ಬಂದಂತಾಯಿತು.

ಈಗ ನನ್ನ ಜಡೆಯನ್ನು ನಾನೇ ಹೆಣೆದುಕೊಳ್ಳುತ್ತೇನೆ. ಆದರೂ ಭಾನುವಾರ ಎಲ್ಲರೂ ಎದ್ದುಹೋದ ಮೇಲೆ ಕೂದಲು ಬಿಚ್ಚಿ ಅಜ್ಜಿಯ ಮುಂದೆ ಬೆನ್ನು ಮಾಡಿ ಕುಳಿತೆ. ಅವರು ಏನೂ ಕೇಳದೆ ಬಾಚಣಿಗೆ ಎತ್ತಿಕೊಂಡರು.